ಎಣ್ಣಿ ಹೊಡಿಯೋಕಿಂತ ಮೊದಲು

ದೋಹಾದಲ್ಲಿ ಜುಲೈ ತಿಂಗಳ ಶುಕ್ರವಾರ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೊರಗೆ ಕಾಲಿಡೋ ಹಾಗಿಲ್ಲ. ನಜ್ಮಾದ ಒಂದು ಫ್ಲಾಟಿನಲ್ಲಿ ನಾವು ಐದು ಜನ ಕನ್ನಡದವರು ಊಟಕ್ಕೆ ಸೇರಿದ್ವಿ. ಹಾವೇರಿ ಕಡೆಯ ಗೆಳೆಯನಿಗೆ ಊರಿಂದ ಫೋನ್ ಬಂತು. ಮಾತು ಮುಗಿಸಿ ಬಂದವನು ಸ್ವಲ್ಪ ಸಪ್ಪಗೆ, "ಎಣ್ಣಿ ಹೊಡ್ಯಾಕ ರೊಕ್ಕ ಕಳಸು ಅಂತಾನ ತಮ್ಮ" ಅಂದ. ಬೆಂಗಳೂರಿನ ಹುಡುಗ ಬಿದ್ದು ಬಿದ್ದು ನಕ್ಕ. "ಅಷ್ಟು ಓಪನ್ನಾಗಿ ಕೇಳ್ತಾನಾ ಗುರೂ!"

ಇಲ್ಲೇ ಹುಟ್ಟಿ ಬೆಳೆದ ಓದುಗರಿಗೆ ಈ ಜೋಕು ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಎಣ್ಣೆ ಹೊಡೆಯೋದು ಅಂದರೆ ಹೆಂಡ ಕುಡಿಯೋದು. ಹಾವೇರಿ, ಧಾರವಾಡ, ಗದಗ, ರಾಯಚೂರಿನ ಹೊಲಗಳಲ್ಲಿ ಎಣ್ಣಿ ಹೊಡೆಯೋದು ಅಂದರೆ ಬೆಳೆಗೆ ಕೀಟನಾಶಕ ಸಿಂಪಡಿಸೋದು. ಡಬ್ಬಿಯಲ್ಲಿ ಆ ಔಷಧಿ ಎಣ್ಣೆ ಹಾಗೇ ಮಂದವಾಗಿ ಇರುತ್ತೆ, ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ವಿಷ ಅನ್ನೋ ಮಾತು ಯಾರ ಬಾಯಲ್ಲೂ ಬರೋದಿಲ್ಲ.

ನಗು ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. "ಬಿತ್ತಿ ಎಷ್ಟು ದಿನ ಆತು?" "ಇಪ್ಪತ್ತೈದು ದಿನ." ಗೇಣುದ್ದ ಹತ್ತಿ ಗಿಡ, ಹೂ ಇಲ್ಲ, ಕಾಯಿ ಇಲ್ಲ. ಆಗಲೇ ಎಣ್ಣಿ! ನನ್ನ ಅಜ್ಜನ ಕಾಲದಲ್ಲಿ ಹೀಗಿರಲಿಲ್ಲ. ಯಾಕೆ ಹೀಗಾಯ್ತು ಅನ್ನೋದಕ್ಕೆ ಸುಮಾರು ನೂರ ಎಂಬತ್ತು ವರ್ಷದ ಕಥೆ ಇದೆ. ಅದನ್ನೇ ಇವತ್ತು ನಿಮಗೆ ಹೇಳೋಣ ಅಂತ.

ಮೊದಲು ಶತ್ರುಗಳ ಪರಿಚಯ. ಹತ್ತಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಾಯಿ ಕೊರೆಯೋ ಹುಳು. ಅದು ಆಮೇಲೆ ಬರೋ ಹುಳು. ಮೊದಲ ಎರಡು ತಿಂಗಳು ಗಿಡವನ್ನು ಕಾಡೋದು ಬೇರೆಯೇ ಗುಂಪು. ಇವು ಕಡಿಯಲ್ಲ, ಸೂಜಿಯಂಥ ಬಾಯಿಂದ ಎಲೆಯ ರಸ ಹೀರುತ್ತವೆ. ಅಕ್ಕಿಕಾಳಿಗಿಂತ ಚಿಕ್ಕದಾದ ಹಸಿರು ಜಿಗಿಹುಳು, ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ಥ್ರಿಪ್ಸ್ ನುಸಿ, ಗುಂಪುಗುಂಪಾಗಿ ಕೂರೋ ಹೇನು, ಗಿಡ ಅಲ್ಲಾಡಿಸಿದರೆ ಬೂದಿ ಹಾರಿದ ಹಾಗೆ ಮೇಲೇಳೋ ಬಿಳಿ ನೊಣ. ಹೊಲ ನೋಡಿಲ್ಲದವರೂ ಇವುಗಳಲ್ಲಿ ಒಂದೆರಡನ್ನು ನೋಡಿಯೇ ಇರುತ್ತೀರಿ. ಚಳಿಗಾಲದಲ್ಲಿ ದೋಹಾದ ಬಾಲ್ಕನಿಯಲ್ಲಿ ಬೆಂಡೆಕಾಯಿ ಬೆಳೆಸಿದವರು ಒಂದು ಎಲೆ ತಿರುಗಿಸಿ ನೋಡಿ, ಹೇನು ಅಥವಾ ಬಿಳಿ ನೊಣ ಸಿಕ್ಕೇ ಸಿಗುತ್ತೆ. ಬೆಂಡೆ ಹತ್ತಿಯ ಹತ್ತಿರದ ನೆಂಟ. ಎರಡೂ ಹೂವನ್ನು ಪಕ್ಕಪಕ್ಕ ಇಟ್ಟರೆ ನಿಮಗೇ ಗೊತ್ತಾಗುತ್ತೆ, ಅಕ್ಕತಂಗಿಯರ ಮುಖ. ದಾಸವಾಳ ಕೂಡ ಅದೇ ಮನೆತನದ್ದು.

ಈ ನಾಲ್ವರಲ್ಲಿ ನಮ್ಮ ಕಥೆಯ ನಾಯಕ ಜಿಗಿಹುಳು. ಮುಟ್ಟಲು ಹೋದರೆ ಏಡಿ ಹಾಗೆ ಅಡ್ಡಡ್ಡ ಓಡುತ್ತೆ, ಆಮೇಲೆ ಜಿಗಿಯುತ್ತೆ. ರೆಕ್ಕೆ ಮೇಲೆ ಎರಡು ಕಪ್ಪು ಚುಕ್ಕಿ. ರಸ ಹೀರೋವಾಗ ಏನೋ ಎಂಜಲು ಬಿಡುತ್ತೆ. ಅದಕ್ಕೆ ಎಲೆಯ ಅಂಚು ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಸುಟ್ಟ ಹಪ್ಪಳದ ಹಾಗೆ ಮುದುಡಿ ಒಣಗುತ್ತೆ. ಇದು ಏಷ್ಯಾದ ಹುಳು. ಮುಂದಿನದಕ್ಕೆ ಈ ಒಂದು ವಿಷಯ ನೆನಪಿಟ್ಟುಕೊಳ್ಳಿ.

ಈಗ ಅಜ್ಜಂದಿರ ಹತ್ತಿಗೆ ಬರೋಣ. ಧಾರವಾಡದ ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ತಲೆತಲಾಂತರದಿಂದ ಬೆಳೆದದ್ದು ಜವಾರಿ ಹತ್ತಿ. ವ್ಯಾಪಾರಿಗಳು ಅದನ್ನು 'ಕುಮಟಾ ಹತ್ತಿ' ಅಂತ ಕರೀತಿದ್ರು. ಅದು ಕುಮಟಾದಲ್ಲಿ ಬೆಳೆದದ್ದಲ್ಲ. ಎತ್ತಿನ ಮೇಲೆ, ಆಮೇಲೆ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೆ ಆ ಹೆಸರು. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತನೆ, ಫೆಬ್ರವರಿ ಆಚೆಗೆ ಬಿಡಿಸೋದು. ನಿಧಾನದ ಬೆಳೆ. ಎಳೆ ಗಿಡಕ್ಕೆ ಹುಳು ಬಿದ್ದರೂ ಚೇತರಿಸಿಕೊಳ್ಳಲು ಅದಕ್ಕೆ ಬೇಕಾದಷ್ಟು ಟೈಮ್ ಇತ್ತು. ಜಿಗಿಹುಳುವಿನ ಜೊತೆಗೇ ಸಾವಿರಾರು ವರ್ಷ ಬದುಕಿದ ಜಾತಿ ಆದ್ದರಿಂದ ತಡೆದುಕೊಳ್ಳೋ ಶಕ್ತಿಯೂ ಇತ್ತು. ಹಾಗಂತ ಅದು ಸ್ವರ್ಗ ಅಂದುಕೊಳ್ಳಬೇಡಿ. ಇಳುವರಿ ಕಡಿಮೆ, ಎಳೆ ಗಿಡ್ಡ, ಸಿಡಿರೋಗ ಬಂದರೆ ಗಿಡಗಳು ನಿಂತಲ್ಲೇ ಒಣಗುತ್ತಿದ್ದವು. ಹಳೆಯದೆಲ್ಲ ಚಿನ್ನ ಅನ್ನೋ ವಾಟ್ಸಾಪ್ ಮೆಸೇಜುಗಳನ್ನು ನಾನಂತೂ ಫಾರ್ವರ್ಡ್ ಮಾಡೋದಿಲ್ಲ. ಹೊಲದಲ್ಲಿ ಚರಗ ಚೆಲ್ಲೋದು ಹಕ್ಕಿ ಕರೆದು ಹುಳು ತಿನ್ನಿಸಲಿಕ್ಕೇ ಅಂತ ಒಂದು ವಿವರಣೆ ಓಡಾಡುತ್ತಲ್ಲ, ಕಾಯಿಕೊರಕಕ್ಕೆ ಅದು ಸ್ವಲ್ಪ ನಿಜ ಇರಬಹುದು. ಆದರೆ ಕಾಗೆ ಬಂದು ಜಿಗಿಹುಳು ಆರಿಸಿ ತಿನ್ನುತ್ತೆ ಅಂದರೆ ನಂಬೋದು ಕಷ್ಟ.

ಬ್ರಿಟನ್ನಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಈ ಗಿಡ್ಡ ಎಳೆ ಹಿಡಿಸಲಿಲ್ಲ. ಅವರ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಹೊಂದಿದ್ದವು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆಸಿಕೊಂಡಿತು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ಪ್ರಯೋಗ ನಡೀತು, ಹೆಚ್ಚಿನ ಕಡೆ ನೆಲಕಚ್ಚಿತು. ಗಟ್ಟಿಯಾಗಿ ಬೇರು ಬಿಟ್ಟ ಒಂದು ಜಾಗ ಅಂದರೆ ಧಾರವಾಡ ಜಿಲ್ಲೆ. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಪ್ರಯೋಗದ ತೋಟ ಮಾಡಿದರು, ನ್ಯೂ ಆರ್ಲಿಯನ್ಸ್ ಬೀಜ ಹಂಚಿದರು. ರೈತರು ಒಪ್ಪಿದರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತು, ಇಲ್ಲಿಯ ಬೆಲೆ ಆಕಾಶಕ್ಕೇರಿತು. 'ಧಾರವಾಡ-ಅಮೆರಿಕನ್' ಅನ್ನೋ ಹೆಸರು ಲಿವರ್‌ಪೂಲ್ ಮಾರುಕಟ್ಟೆಗೂ ಮುಟ್ಟಿತು. ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಬೇರೆಯಾಗಿ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತಲ್ಲ, ಅದರ ಹಿಂದೆಯೂ ಹತ್ತಿ ಇತ್ತು. ಧಾರವಾಡದ ಹತ್ತಿಗೆ ಕಾರವಾರ ಬಂದರು ಬೇಕು ಅನ್ನೋ ಒತ್ತಾಯ. ನೀವು ಕಾರವಾರದವರಾದರೆ ನಿಮ್ಮ ಜಿಲ್ಲೆಯ ಗಡಿ ಎಳೆದದ್ದರಲ್ಲಿ ಗಿರಣಿಯವರ ಕೈ ಇತ್ತು ಅಂತ ತಿಳ್ಕೊಳ್ಳಿ.

ಈಗ ಆ ನೆನಪಿಟ್ಟುಕೊಳ್ಳಿ ಅಂದ ವಿಷಯ. ಅಮೆರಿಕದ ಹತ್ತಿ ಹುಟ್ಟಿ ಬೆಳೆದ ಖಂಡದಲ್ಲಿ ನಮ್ಮ ಜಿಗಿಹುಳು ಇರಲೇ ಇಲ್ಲ. ಗೊತ್ತಿಲ್ಲದ ಶತ್ರುವಿಗೆ ಗುರಾಣಿ ಎಲ್ಲಿಂದ ಬರಬೇಕು? ಬೀಜ ಬಂತು, ಗುರಾಣಿ ಬರಲಿಲ್ಲ.

ಆ ಗುರಾಣಿ ಏನು ಅನ್ನೋದು ಸರಿಯಾಗಿ ಗೊತ್ತಾಗಿದ್ದು 1920ರ ದಶಕದಲ್ಲಿ, ಅದೂ ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಬಾರ್ಬರ್ಟನ್ ಸಂಶೋಧನಾ ಕೇಂದ್ರದಲ್ಲಿ ಎಫ್.ಆರ್. ಪಾರ್ನೆಲ್ ಅನ್ನೋ ವಿಜ್ಞಾನಿ ಇದ್ದರು. ಅದಕ್ಕೆ ಮೊದಲು ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡಿದ್ದವರೇ ಅವರು. ಜಿಗಿಹುಳು ಬಿದ್ದು ಇಡೀ ಹೊಲ ಕೆಂಪಾದರೂ ಅಲ್ಲೊಂದು ಇಲ್ಲೊಂದು ಗಿಡ ಹಸಿರಾಗೇ ನಿಂತಿರೋದನ್ನು ಗಮನಿಸಿ ಹುಡುಕಿದಾಗ ಸಿಕ್ಕ ಉತ್ತರ ಎಷ್ಟು ಸರಳ ಅಂತೀರಿ: ಕೂದಲು. ಎಲೆಯ ಕೆಳಗೆ, ನರದ ಮೇಲೆ ದಟ್ಟವಾದ ಉದ್ದ ರೋಮ ಇರೋ ಗಿಡದ ಹತ್ತಿರ ಜಿಗಿಹುಳು ಸುಳಿಯಲ್ಲ. ಹೆಣ್ಣುಹುಳು ಮೊಟ್ಟೆ ಇಡೋದು ಎಲೆಯ ನರದೊಳಗೆ. ರೋಮ ಅಡ್ಡ ಬಂದರೆ ಮೊಟ್ಟೆ ಇಡಲಿಕ್ಕೆ ಆಗಲ್ಲ, ಮರಿಗಳಿಗೂ ಬಾಯಿ ಊರಲಿಕ್ಕೆ ಕಷ್ಟ. ಅವರು ಆರಿಸಿದ ಯು-4 ಅನ್ನೋ ರೋಮದ ತಳಿ ಆಫ್ರಿಕಾದ ಹತ್ತಿಯನ್ನೇ ಉಳಿಸಿತು. ಎಣ್ಣಿ ಇಲ್ಲ, ಪಂಪು ಇಲ್ಲ, ಬೀಜದೊಳಗೇ ಔಷಧ.

ಇದರಲ್ಲೂ ಒಂದು ಪೇಚು ಇದೆ. ಜಾಸ್ತಿ ರೋಮ ಇರೋ ಎಲೆ ಬಿಳಿ ನೊಣಕ್ಕೆ ಇಷ್ಟ! ಒಬ್ಬನಿಗೆ ಬಾಗಿಲು ಹಾಕಿದರೆ ಇನ್ನೊಬ್ಬನಿಗೆ ತೆರೆದ ಹಾಗೆ. ಹತ್ತಿ ಬಿಡಿಸುವಾಗ ಒಣ ಎಲೆಯ ಚೂರು ಎಳೆಗೆ ಅಂಟಿಕೊಳ್ಳುತ್ತೆ ಅಂತ ಗಿರಣಿಯವರ ತಕರಾರು ಬೇರೆ. ಹಾಗಾಗಿ ಎಷ್ಟು ರೋಮ ಬೇಕು ಅನ್ನೋದು ತಳಿ ಮಾಡೋರಿಗೆ ಯಾವತ್ತೂ ತಕ್ಕಡಿಯ ಲೆಕ್ಕ.

ಧಾರವಾಡದಲ್ಲೂ ತಳಿಯ ಕೆಲಸ ನಡೆದಿತ್ತು. ಜಿ.ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯನ್ನು ಸುಧಾರಿಸಿದರು. ಧಾರವಾಡ-ಅಮೆರಿಕನ್ ಹತ್ತಿಯಿಂದ ಗದಗ-1 ಅನ್ನೋ ತಳಿ ಆರಿಸಿದರು. ಅದನ್ನೇ ತಮಿಳುನಾಡಿನ ಕಾಂಬೋಡಿಯಾ ಹತ್ತಿಯ ಜೊತೆ ಕೂಡಿಸಿ ಮುಂದೆ 'ಲಕ್ಷ್ಮೀ' ಬಂತು. ನಿಮ್ಮ ಅಪ್ಪ-ಅಮ್ಮ ಗದಗ ಕಡೆಯವರಾದರೆ ಲಕ್ಷ್ಮೀ ಹತ್ತಿ, ಜಯಧರ ಹತ್ತಿ ಅಂತ ಕೇಳಿ ನೋಡಿ, ಕಣ್ಣು ಅರಳುತ್ತೆ. ಜಯಧರ ಜವಾರಿ ಮನೆತನದ್ದು, ಲಕ್ಷ್ಮೀ ಅಮೆರಿಕನ್ ಮನೆತನದ್ದು.

ಆಮೇಲೆ ಬಂದಳು ವರಲಕ್ಷ್ಮೀ.

1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರ್ಕಿ ಅವರು ಜಗತ್ತಿನಲ್ಲಿ ಯಾರೂ ಹೊಲಕ್ಕೆ ತರದಿದ್ದ ಒಂದು ಹೈಬ್ರಿಡ್ ಕೊಟ್ಟರು. ಅಮ್ಮ ನಮ್ಮ ಲಕ್ಷ್ಮೀ, ಅಪ್ಪ ಬಾರ್ಬಡೆನ್ಸ್ ಜಾತಿಯವನು. ಈಜಿಪ್ಟಿನ ಹತ್ತಿ ಅಂತ ದುಬಾರಿ ಬೆಡ್‌ಶೀಟಿನ ಮೇಲೆ ಬರೆದಿರುತ್ತಲ್ಲ, ಆ ಜಾತಿ. ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ವ್ಯಾಪಾರಕ್ಕೆ ಬಂದ ಮೊದಲ ಹತ್ತಿ ಹೈಬ್ರಿಡ್ ಅದು. ಎಳೆ ರೇಷ್ಮೆ ಹಾಗೆ ಉದ್ದ, ನೂಲು ಅಷ್ಟು ನಯ. ಅದರ ಬೀಜ ಮಾಡೋದು ಕೈಕೆಲಸ. ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ತೆಗೀಬೇಕು, ಬೆಳಿಗ್ಗೆ ಇನ್ನೊಂದು ಹೂವಿನ ಪರಾಗ ತಂದು ಸವರಬೇಕು. ಒಂದೊಂದೇ ಹೂವಿಗೆ, ದಿನಾ. ಅದನ್ನು ಮಾಡಿದೋರು ಹೆಚ್ಚಾಗಿ ಹೆಂಗಸರು, ಹುಡುಗಿಯರು.

ಅದೇ ಹೊತ್ತಿಗೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಮುಗಿದು ನರಗುಂದ, ನವಲಗುಂದದ ಎರೆಭೂಮಿಗೆ ಕಾಲುವೆ ನೀರು ಬಂತು. ನೀರು, ವರಲಕ್ಷ್ಮೀ, ಗೊಬ್ಬರ. ಮೊದಲ ವರ್ಷಗಳಲ್ಲಿ ರೈತರು ಕಂಡ ದುಡ್ಡನ್ನು ಆ ಕಡೆಯ ಹಿರಿಯರು ಈಗಲೂ ಹಬ್ಬದ ಹಾಗೆ ನೆನೆಸಿಕೊಳ್ತಾರೆ.

ಆದರೆ ಬಾರ್ಬಡೆನ್ಸ್ ಅಪ್ಪನಿಂದ ಬಂದದ್ದು ಉದ್ದ ಎಳೆ ಮಾತ್ರ ಅಲ್ಲ. ಆ ಜಾತಿಯ ಎಲೆ ನುಣುಪು, ಜಿಗಿಹುಳುವಿಗೆ ಹಾಸಿಗೆ ಹಾಸಿದ ಹಾಗೆ. ವರಲಕ್ಷ್ಮೀಗೂ, ಆಮೇಲೆ 1981ರಲ್ಲಿ ಧಾರವಾಡದಿಂದಲೇ ಬಂದ ಡಿಸಿಎಚ್-32, ಅಂದರೆ ಜಯಲಕ್ಷ್ಮೀಗೂ ಅದೇ ಬಾಧೆ. ಗಿಡ ಹುಟ್ಟಿ ತಿಂಗಳಾಗೋದರೊಳಗೆ ಎಲೆ ಕೆಂಪು. ನೀರು, ಗೊಬ್ಬರ ಕುಡಿದ ಎಲೆ ಇನ್ನೂ ರಸಭರಿತ, ಹುಳುವಿಗೆ ಇನ್ನೂ ರುಚಿ. ಗಿಡದಲ್ಲಿ ಇಲ್ಲದ ಗುರಾಣಿಯನ್ನು ಡಬ್ಬಿಯಿಂದ ಕೊಡಬೇಕಾಯ್ತು. ಎಂಡ್ರಿನ್, ರೋಗಾರ್, ಮೊನೊಕ್ರೊಟೊಫಾಸ್ ಅನ್ನೋ ಹೆಸರುಗಳು ಅಕ್ಷರ ಬಾರದವರ ಬಾಯಲ್ಲೂ ಓಡಾಡತೊಡಗಿದವು. 'ಎಣ್ಣಿ ಅಂಗಡಿ' ಊರೂರಿಗೆ ಬಂತು. ಸಾಲದ ಪುಸ್ತಕವೂ ಅಲ್ಲೇ ತೆರೀತು.

ಕಟರ್ಕಿಯವರ ಸಾಧನೆ ಸಣ್ಣದು ಅಂತ ನಾನು ಹೇಳ್ತಾ ಇಲ್ಲ. ದೇಶ ಉದ್ದ ಎಳೆಯ ಹತ್ತಿಯನ್ನು ಹೊರಗಿಂದ ತರಿಸಿಕೊಳ್ಳುತ್ತಿದ್ದ ಕಾಲ ಅದು, ಅವರು ಕೊಟ್ಟದ್ದು ನಿಜವಾಗಿಯೂ ದೊಡ್ಡದು. ಆದರೆ ಖರ್ಚಿನ ಚೀಟಿ ಯಾರ ಹೆಸರಿಗೆ ಬಂತು ಅನ್ನೋದನ್ನೂ ಹೇಳಬೇಕಲ್ಲ. ಹತ್ತಿಯ ಬೆಲೆ ಕುಸಿದ ವರ್ಷ ಆ ಚೀಟಿ ಹಾಗೇ ಉಳೀತು. ಅದರ ಮೇಲೆ ನೀರಿನ ಕರ, ಅಭಿವೃದ್ಧಿ ಕರ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯ್ತು, ರೈತರು ಸತ್ತರು. ಇವತ್ತಿಗೂ ಆ ದಿನ ಅಲ್ಲಿ ರೈತ ಹುತಾತ್ಮರ ದಿನ. ಪುಸ್ತಕಗಳಲ್ಲಿ ಕರದ ಹೋರಾಟ ಅಂತಲೇ ಬರೆದಿರುತ್ತೆ, ತಪ್ಪಲ್ಲ. ಆದರೆ ಕರ ಕಟ್ಟಲಿಕ್ಕೆ ಯಾಕೆ ಕೈಯಲ್ಲಿ ಕಾಸಿರಲಿಲ್ಲ ಅಂತ ಕೇಳಿದರೆ, ಉತ್ತರದಲ್ಲಿ ಆ ಕೆಂಪಾದ ಎಲೆಯೂ ಒಂದು ಪಾಲು.

ಎಣ್ಣಿಯ ಇನ್ನೊಂದು ಮುಖ ಆಮೇಲೆ ಕಾಣಿಸಿತು. ಹೇನು, ಜಿಗಿಹುಳು ಇರೋ ಎಲೆಯಲ್ಲಿ ಅವನ್ನು ತಿನ್ನೋರೂ ಇರ್ತಾರೆ. ಗುಲಗಂಜಿ ಹುಳು ನೋಡಿದ್ದೀರಾ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿ? ಅದೂ, ಅದರ ಮೊಸಳೆಯಂಥ ಮರಿಯೂ ಹೇನು ತಿಂದೇ ಬದುಕೋದು. ಇಪ್ಪತ್ತನೇ ದಿನ ಕಣ್ಣುಮುಚ್ಚಿ ಎಣ್ಣಿ ಹೊಡೆದರೆ ಮೊದಲು ಸಾಯೋದು ಇವು. ರಸ ಹೀರೋವು ಕೆಲವೇ ದಿನದಲ್ಲಿ ವಾಪಸ್ ಬರುತ್ತವೆ, ತಿನ್ನೋರು ಬರಲಿಕ್ಕೆ ತುಂಬ ದಿನ ಬೇಕು. ಅಷ್ಟರಲ್ಲಿ ಕಾಯಿಕೊರಕ ಮೊಟ್ಟೆ ಇಡಲಿಕ್ಕೆ ಬಂದಾಗ ಆ ಮೊಟ್ಟೆ ತಿನ್ನೋರೂ ಹೊಲದಲ್ಲಿ ಇರಲ್ಲ. 1980ರ ದಶಕದ ನಡುವೆ ಪಕ್ಕದ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳಲ್ಲಿ ಹೀಗೇ ಆಯ್ತು. ಹೊಸ ಪೈರೆಥ್ರಾಯ್ಡ್ ಔಷಧಿಗಳನ್ನು ಮೇಲಿಂದ ಮೇಲೆ ಹೊಡೆದರು, ಬಿಳಿ ನೊಣ ಹೊಲ ಹೊಲವನ್ನೇ ಮುಚ್ಚಿತು.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲೇ, 1998ರಲ್ಲಿ ರಾಯಚೂರು ಜಿಲ್ಲೆಯ ಪ್ರಯೋಗದ ಹೊಲಗಳಿಗೆ ರೈತ ಸಂಘದವರು ಬೆಂಕಿ ಇಟ್ಟಿದ್ದರು. ಪರವಾಗಿ ಕೂಗಿದೋರು, ವಿರೋಧವಾಗಿ ಕೂಗಿದೋರು ಎಲ್ಲರ ಕಣ್ಣೂ ಆ ಜೀನ್ ಮೇಲೆ. ಎಲೆಯ ಮೇಲೆ ರೋಮ ಇದೆಯಾ ಅಂತ ಕೇಳಿದೋರು ಕಡಿಮೆ. ಬಿಟಿಯ ಪ್ರೊಟೀನು ಎಲೆ, ಕಾಯಿ ಕಡಿದು ತಿನ್ನೋ ಮರಿಹುಳುಗಳನ್ನು ಕೊಲ್ಲುತ್ತೆ, ಅಷ್ಟೇ. ರಸ ಹೀರೋ ಹುಳುವಿಗೆ ಅದರಿಂದ ಏನೂ ಆಗಲ್ಲ. ಆ ಜೀನ್ ಹೊತ್ತು ಬಂದ ಹೈಬ್ರಿಡ್‌ಗಳಲ್ಲಿ ಎಷ್ಟೋ ಜಿಗಿಹುಳುವಿಗೆ ಸುಲಭದ ತುತ್ತು. ಅದಕ್ಕೇ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಥರದ ಔಷಧಿ ಲೇಪಿಸಿ, ಬಣ್ಣ ಹಾಕಿ ಮಾರೋದು ಶುರುವಾಯ್ತು. ನಿಮ್ಮ ಊರಿನ ಹೊಲದಲ್ಲಿ ಬಣ್ಣದ ಹತ್ತಿಬೀಜ ನೋಡಿದ್ದರೆ, ಅದೇ ಇದು. ಔಷಧಿ ಬೇರಿನಿಂದ ಎಲೆಗೆ ಏರಿ ಸುಮಾರು 30ರಿಂದ 40 ದಿನ ಕಾಯುತ್ತೆ. ಆಮೇಲೆ ಗಿಡ ತನ್ನ ಪಾಡಿಗೆ ತಾನು.

ಕಾಯಿಕೊರಕಕ್ಕೆ ಹೊಡೆಯೋ ಎಣ್ಣಿ ಕಡಿಮೆಯಾದ ಮೇಲೆ ಹಾವೇರಿ, ಧಾರವಾಡದ ಹೊಲಗಳಲ್ಲಿ ಇನ್ನೊಬ್ಬ ಎದ್ದ. ಮಿರಿಡ್ ತಿಗಣೆ. ಮೊದಲೂ ಇದ್ದವನೇ, ಬೇರೆ ಹುಳುವಿಗೆ ಹೊಡೆದ ಔಷಧಿಗೆ ತಾನೂ ಸಾಯ್ತಿದ್ದ. 2005ರ ಆಸುಪಾಸಿನಿಂದ ಎಳೆ ಮೊಗ್ಗಿನ ರಸ ಹೀರಿ ಉದುರಿಸಲಿಕ್ಕೆ ಶುರು ಮಾಡಿದ.

ಇನ್ನು ಆ ಅಮೆರಿಕದ ವಿಷಯ. ಅಲ್ಲಿ ಇರಲೇ ಇಲ್ಲ ಅಂದೆನಲ್ಲ ಜಿಗಿಹುಳು, ಅದು 2023ರಲ್ಲಿ ಪೋರ್ಟೊ ರಿಕೊದಲ್ಲಿ ಸಿಕ್ಕಿತು, 2024ರಲ್ಲಿ ಫ್ಲಾರಿಡಾಕ್ಕೆ ಬಂತು, 2025ರಲ್ಲಿ ಜಾರ್ಜಿಯಾ ಸುತ್ತಮುತ್ತಲ ಹತ್ತಿ ಹೊಲಗಳಿಗೆ ನುಗ್ಗಿತು. ನರ್ಸರಿಯ ದಾಸವಾಳದ ಗಿಡಗಳ ಜೊತೆಗೂ ಓಡಾಡಿತು. ಎರಡು ಚುಕ್ಕಿಯ ಅದೇ ಹುಳು. ಕುಸುಗಲ್ಲಿಗೆ ಬೀಜ ಬಂದು 180 ವರ್ಷದ ಮೇಲೆ ಹುಳು ಆ ಕಡೆ ಹೋಯ್ತು.

ನಜ್ಮಾದ ಫ್ಲಾಟಿಗೆ ವಾಪಸ್ ಬರೋಣ. ಊಟ ಆದ ಮೇಲೆ ಗೆಳೆಯ ತಮ್ಮನಿಗೆ ವಿಡಿಯೋ ಕಾಲ್ ಮಾಡಿದ. ಬೀಜ ಬಣ್ಣದ್ದಾ ಅಂತ ಕೇಳಿದ. ಹೌದು. ಹಾಗಾದರೆ ಇನ್ನೂ ಹತ್ತು ದಿನ ಬೀಜದ ಔಷಧಿಯೇ ಕೆಲಸ ಮಾಡ್ತಿರುತ್ತೆ. ಯೂರಿಯಾ ಎಷ್ಟು ಹಾಕಿದಿ? ತಮ್ಮ ಸ್ವಲ್ಪ ತಡವರಿಸಿ, "ಎರಡ್ ಸಲ ಹಾಕೇನಿ" ಅಂದ. ನಮ್ಮಲ್ಲಿ ಒಬ್ಬ ಮೆಸಯೀದ್ ಕಡೆ ಕೆಲಸ ಮಾಡೋನು ತಲೆ ಎತ್ತಿ ನೋಡಿದ. 1973ರಿಂದ ಕತಾರಿನ ಗ್ಯಾಸಿನಿಂದ ಅಲ್ಲಿ ಯೂರಿಯಾ ಆಗುತ್ತೆ, ಅದರಲ್ಲಿ ಒಂದು ಪಾಲು ಭಾರತಕ್ಕೂ ಹೋಗುತ್ತೆ. ಯೂರಿಯಾ ಹೆಚ್ಚಾದಷ್ಟೂ ಎಲೆ ಮೆತ್ತಗೆ, ಹುಳುವಿಗೆ ಹಬ್ಬ.

"ಈಗ ಹೊಲಕ್ಕ ಹೋಗಿ ಎಲಿ ತಿರುವಿ ಎಣಸು" ಅಂದ ಗೆಳೆಯ. ಎಣಿಸೋ ಕ್ರಮ ಕೃಷಿ ವಿಶ್ವವಿದ್ಯಾಲಯದವರು ಬಹಳ ವರ್ಷದಿಂದ ಹೇಳ್ತಾ ಬಂದದ್ದೇ. ಹೊಲದಲ್ಲಿ ಅಲ್ಲಲ್ಲಿ ಗಿಡ ಆರಿಸಿ, ಪ್ರತಿ ಗಿಡದಲ್ಲಿ ಮೇಲಿನದು, ನಡುವಿನದು, ಕೆಳಗಿನದು ಅಂತ ಮೂರು ಎಲೆ ನೋಡಬೇಕು. ಸರಾಸರಿ ಒಂದು ಎಲೆಗೆ ಜಿಗಿಹುಳುವಿನ ಮರಿ 2 ಇದ್ದರೆ, ಅಥವಾ ಥ್ರಿಪ್ಸ್ 10 ಇದ್ದರೆ ಆಗ ಔಷಧಿಯ ಯೋಚನೆ. ಅದಕ್ಕಿಂತ ಕಡಿಮೆ ಇದ್ದರೆ ಹುಳು ತಿನ್ನೋ ಬೆಳೆಗಿಂತ ಎಣ್ಣಿಯ ಖರ್ಚೇ ಹೆಚ್ಚು. ಖರ್ಚು ಅಂದರೆ ದುಡ್ಡು ಮಾತ್ರ ಅಂತ ತಿಳೀಬೇಡಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಾ ವಿಷ ಮೈಗೇರಿ ಸುಮಾರು 20 ಜನ ಸತ್ತರು. ಹೆಚ್ಚಿನವರ ಮೈಮೇಲೆ ಅಂಗಿ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ.

ಹದಿನೈದು ನಿಮಿಷ ಫೋನ್ ಹೊಲದಲ್ಲಿ ಅಲ್ಲಾಡಿತು. ಕಪ್ಪು ಮಣ್ಣು, ತಮ್ಮನ ಹೆಬ್ಬೆರಳು, ಎಲೆಯ ಕೆಳಮೈ. ಬೆಂಗಳೂರಿನ ಹುಡುಗ ಪರದೆಗೆ ಮುಖ ಅಂಟಿಸಿಕೊಂಡು "ಅಲ್ಲೊಂದು ಓಡ್ತು, ಅಡ್ಡಡ್ಡ ಓಡ್ತು!" ಅಂತ ಕೂಗಿದ. ಹತ್ತು ಗಿಡ, ಮೂವತ್ತು ಎಲೆ, ಒಟ್ಟು 19 ಮರಿ. ಮೂರ್ನಾಲ್ಕು ಗಿಡದಲ್ಲಿ ಗುಲಗಂಜಿ ಹುಳುವಿನ ಮರಿಯೂ ಇತ್ತು. ಅದನ್ನು ತಮ್ಮ ಇಷ್ಟು ದಿನ ಕೆಟ್ಟ ಹುಳು ಅಂದುಕೊಂಡಿದ್ದ.

"ಹಂಗಾರ ರೊಕ್ಕ ಕಳಸೂದಿಲ್ಲೇನು?" ಅಂದ ಅವನು, ಸ್ವಲ್ಪ ಅನುಮಾನದಿಂದಲೇ.

"ಕಳಸ್ತೀನಿ. ಕಳೇ ತಗ್ಸಾಕ. ಮುಂದಿನ ಶುಕ್ರವಾರ ಮತ್ತ ಎಣಸೂಣು."